ದುರೈಗೆಂದು ತೆಗೆದಿಟ್ಟ ಪಂಚೆ

ಹೊಸ ಪಂಚೆಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬೇಕು. ಗಂಜಿಯದೋ, ಅಂಗಡಿಯದೋ, ಹೇಳಲಾರೆ. ಇವತ್ತು ಬೆಳಿಗ್ಗೆ ಬೀರು ತೆರೆದಾಗ ಅದೇ ವಾಸನೆ ಮುಖಕ್ಕೆ ಹೊಡೆಯಿತು. ಮೇಲಿನ ಅರೆಯಲ್ಲಿ ಕವರ್ ಕೂಡ ಬಿಚ್ಚದ ಪಂಚೆಗಳು ಒಂದರ ಮೇಲೊಂದು ಕೂತಿವೆ. ಇನ್ನೊಂದನ್ನು ಇಡಲು ಹೋದವಳು ಹಾಗೇ ನಿಂತುಬಿಟ್ಟೆ. ನಮ್ಮ ಮನೆಯಲ್ಲಿ ಪಂಚೆ ಉಡುವವರು ಯಾರೂ ಇಲ್ಲ. ತಮ್ಮ ರಘು ಹಾಸಿಗೆ ಹಿಡಿದವನು, ಅವನಿಗೆ ಲುಂಗಿ ಸಾಕು. ಇವೆಲ್ಲ ದುರೈಗೆ. ದುರೈ ಆಂಬುಲೆನ್ಸ್ ಡ್ರೈವರ್.

ತಮಿಳು ಸೀಮೆಯ ನಮ್ಮ ತ್ರಿಪ್ಲಿಕೇನ್‌ನಲ್ಲಿ ರಸ್ತೆ ದನಗಳದ್ದು, ನಾವು ಜಾಗ ಬೇಡಿಕೊಂಡು ಓಡಾಡುವವರು. ವರ್ಷಗಳ ಹಿಂದೆ ಒಂದು ಸಂಜೆ ರಘು ಸ್ಕೂಟರ್ ಓಡಿಸುತ್ತಿದ್ದ. ಹಿಂದೆ ನಾನು, ಮಡಿಲಲ್ಲಿ ಆಗಷ್ಟೇ ಪುಡಿ ಮಾಡಿಸಿದ ಕಾಫಿಪುಡಿ. ಮದುವೆ ಮಾಡಿಕೊಳ್ಳೋ ಅಂತ ಅವನ ತಲೆ ತಿನ್ನುತ್ತಿದ್ದೆ. ನನ್ನ ಬಾಯಿ ಆಗ ಈಗಿನದಕ್ಕಿಂತ ದೊಡ್ಡದು. ಹಸುವೊಂದು ಅಡ್ಡ ಬಂತು. ಬ್ರೇಕ್ ಹಾಕಿದ. ನಾನು ಹೋಗಿ ಬಿದ್ದದ್ದು ಹೂವಿನವಳ ಬುಟ್ಟಿಯ ಮೇಲೆ. ಜೀವಮಾನದಲ್ಲಿ ಅಷ್ಟು ಮಲ್ಲಿಗೆ ಮುಡಿದದ್ದು ಅದೊಂದೇ ಸಲ. ರಘು ತಲೆ ಮುಂದಾಗಿ ಕಲ್ಲಿನ ಮೇಲೆ ಬಿದ್ದ.

ಆದರೆ ಮಾತಾಡುತ್ತಿದ್ದ. "ಅಕ್ಕಾ, ಕಾಫಿಪುಡಿ ಚೆಲ್ಹೋಯ್ತಾ?" ಎಂದ. "ಕತ್ತು ಒಂಥರಾ ನೋಯ್ತಿದೆ" ಎಂದ. ಅಂಗಾತ ಮಲಗಿದ್ದ ಹಾಗೆಯೇ ಅವನ ಬಲಗಾಲು ಕಳಚಿಬಿದ್ದ ಚಪ್ಪಲಿಗಾಗಿ ತಡಕಾಡುತ್ತಿತ್ತು. ನಾನು ಚಪ್ಪಲಿ ಹುಡುಕಿ ಪಾದಕ್ಕೆ ತಾಗಿಸಿದೆ. ಹೆಬ್ಬೆರಳು ತಾನಾಗಿಯೇ ಚಪ್ಪಲಿಯ ಉಂಗುಷ್ಟದ ಪಟ್ಟಿಯೊಳಗೆ ತೂರಿಕೊಂಡಿತು. ಅದನ್ನು ನನ್ನ ಈ ಕಣ್ಣಿಂದ ನೋಡಿದ್ದೇನೆ.

ಯಾರೋ ಫೋನ್ ಮಾಡಿದ್ದಕ್ಕೆ ದುರೈ ಗಾಡಿ ತಂದ. ಖಾಸಗಿ ಗಾಡಿ, ಜೊತೆಗೆ ಇನ್ನೊಬ್ಬರಿಲ್ಲ. ಡ್ರೈವರೂ ಅವನೇ, ಡಾಕ್ಟರೂ ಅವನೇ. ಎಷ್ಟು ಚುರುಕು ಅಂತೀರಿ! ಜನರನ್ನು ಸರಿಸಿ ರಘುವಿನ ಕಂಕುಳಿಗೆ ಕೈ ಹಾಕಿದ. ಇಡ್ಲಿ ಅಂಗಡಿಯವನು ಕಾಲು ಹಿಡಿದ. ಎತ್ತಿದಾಗ ತಲೆ ಹಿಂದಕ್ಕೆ ಜೋತುಬಿತ್ತು. ಸ್ಟ್ರೆಚರ್ ಇಳಿಸುತ್ತಾ ಕೂತರೆ ತಡವಾಗುತ್ತದೆಂದು ಬೆಂಚಿನ ಮೇಲೆ ನನಗೆ ಒರಗಿಸಿ ಕೂರಿಸಿದ. "ಒಣ್ಣುಂ ಆಗಾದು ಸಾರ್, ನಾನ್ ಇರುಕ್ಕೇನ್" ಎಂದ. ಏನೂ ಆಗಲ್ಲ, ನಾನಿದ್ದೀನಿ ಅಂತ. ಆಮೇಲೆ ಗಾಡಿ ಓಡಿಸಿದ ನೋಡಿ! ರಸ್ತೆಯ ಪ್ರತಿ ಉಬ್ಬಿಗೂ ರಘುವಿನ ತಲೆ ನನ್ನ ಭುಜಕ್ಕೆ ಬಂದು ಬಡಿಯುತ್ತಿತ್ತು. ಗಾಡಿ ಇನ್ನೂ ಬೇಗ ಹೋಗಲಿ ಎಂದು ನಾನು ರಾಯರನ್ನು ನೆನೆಯುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಅವನ ಪಾದ ಒತ್ತಿ ಹಿಡಿದು ಗೊತ್ತಾಗುತ್ತದಾ ಎಂದು ಕೇಳಿದರು. "ಒತ್ತಿ, ಹೇಳ್ತೀನಿ" ಎಂದ ರಘು.

ಅಂದಿನಿಂದ ಎದೆಯಿಂದ ಕೆಳಗೆ ಅವನಿಗೆ ಏನೂ ಇಲ್ಲ. ಕೈ ಅಷ್ಟಿಷ್ಟು ಆಡುತ್ತದೆ. ಬಿದ್ದ ಪೆಟ್ಟು, ಹಣೆಬರಹ ಎಂದು ನಂಬಿಕೊಂಡೆವು. ಉಳಿಸಿದ ದೇವರು ದುರೈ. ಆಯುಧಪೂಜೆ ಬಂತೆಂದರೆ ಗಾಡಿಗೆ ಬಾಳೆಕಂಬ ಕಟ್ಟಿ, ಸೈರನ್ನಿಗೂ ಗಂಧ ಬಳಿದು ನಮ್ಮ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದ. ರಘು ತಟ್ಟೆಯಲ್ಲಿ ಪಂಚೆ ಇಡಿಸಿ, ನಡುಗುವ ಕೈಯಿಂದ ಅದನ್ನು ಮುಟ್ಟಿ, ನನ್ನ ಮೂಲಕ ಕೊಡಿಸುತ್ತಿದ್ದ. ದುರೈ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ನನ್ನ ಕಾಫಿ ಹೊಗಳುತ್ತಿದ್ದ, ಅದೊಂದು ಸುಳ್ಳು ಬಿಟ್ಟರೆ ಒಳ್ಳೆಯ ಮನುಷ್ಯ.

ಒಂದು ವರ್ಷ ಸ್ವೀಟ್ ಹಿಡಿದು ಬಂದ. ದೊಡ್ಡ ಆಂಬುಲೆನ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಮೊದಲು ಟ್ರೈನಿಂಗಂತೆ, ಯೂನಿಫಾರ್ಮ್ ಬೇರೆ. ರಘುವಿಗೆ ತನಗೇ ಕೆಲಸ ಸಿಕ್ಕಷ್ಟು ಖುಷಿ. ಮುಂದಿನ ಆಯುಧಪೂಜೆಗೆ ದುರೈ ನಡೆದುಕೊಂಡು ಬಂದ. ಬಾಗಿಲಲ್ಲೇ ನಿಂತ. ರಘುವಿನ ಮುಖ ನೋಡಲಿಲ್ಲ, ಹೊದಿಕೆಯ ಕೆಳಗಿನ ಕಾಲುಗಳನ್ನೇ ನೋಡುತ್ತಿದ್ದ. ಪಂಚೆಗೆ ಕೈ ಚಾಚಲಿಲ್ಲ. "ವೇಣಾಂ ಅಕ್ಕಾ, ಬೇಡ" ಎಂದು ಕಾಫಿಯನ್ನೂ ಬಿಟ್ಟು ಹೊರಟುಹೋದ. "ಯೂನಿಫಾರ್ಮ್ ಬಂತಲ್ಲ, ಕೊಬ್ಬು!" ಎಂದೆ ನಾನು. ಮತ್ತೆ ಅವನು ಬರಲಿಲ್ಲ, ಫೋನ್ ಎತ್ತಲಿಲ್ಲ. ರಘು ಮಾತ್ರ ವರ್ಷಾವರ್ಷ ಪಂಚೆ ತರಿಸುವುದನ್ನು ಬಿಡಲಿಲ್ಲ.

ನಿನ್ನೆ ನಮ್ಮ ಬೀದಿಯ ಮಂಟಪದಲ್ಲಿ ಪ್ರಥಮ ಚಿಕಿತ್ಸೆಯ ತರಗತಿ ಇತ್ತು. ಬೋಂಡಾ, ಕಾಫಿ ಉಂಟು ಎಂದಿದ್ದಕ್ಕೆ ಹೋದೆ, ಸುಳ್ಳು ಯಾಕೆ ಹೇಳಲಿ. ಆಂಬುಲೆನ್ಸ್‌ನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬಂದಿದ್ದಳು. ಒಬ್ಬರನ್ನು ನೆಲದ ಮೇಲೆ ಮಲಗಿಸಿ, ತಲೆಯ ಹಿಂದೆ ಮಂಡಿಯೂರಿ, ಎರಡು ಕೈಯಿಂದ ತಲೆಯನ್ನು ಅಲುಗದಂತೆ ಹಿಡಿದಳು. ಆಮೇಲೆ ತಮಿಳಿನಲ್ಲಿ ಹೇಳಿದಳು: ಬಿದ್ದವರಿಗೆ ಕತ್ತು ನೋವು ಅಂದರೆ ಎಳೆಯಬೇಡಿ, ಕೂರಿಸಬೇಡಿ. ಕಾಲ್ಬೆರಳು ಆಡಿಸಿ ಅನ್ನಿ. ಆಡಿಸಿದರೆ ನರ ಇನ್ನೂ ಉಳಿದಿದೆ, ಅದನ್ನು ಕಾಪಾಡುವುದು ನಮ್ಮ ಕೈಯಲ್ಲಿದೆ. ಕತ್ತಿಗೆ ಪಟ್ಟಿ ಕಟ್ಟಿ, ಹಲಗೆಯ ಮೇಲೆ ಎಲ್ಲರೂ ಒಟ್ಟಿಗೆ ಎತ್ತಬೇಕು. ಸುಮ್ಮನೆ ಎತ್ತಿಕೊಂಡು ಓಡಿದರೆ ನಡೆಯಬಲ್ಲವರೂ ಮತ್ತೆ ನಡೆಯದೆ ಹೋಗಬಹುದು. "ನಮ್ಮ ಟ್ರೈನಿಂಗ್‌ನಲ್ಲಿ ಮೊದಲ ಪಾಠವೇ ಇದು" ಎಂದಳು.

ಹೋಗಬಹುದು ಎಂದಳು, ಹೋಗುತ್ತದೆ ಎನ್ನಲಿಲ್ಲ. ಬಿದ್ದಾಗಲೇ ಎಲ್ಲ ಮುಗಿದಿತ್ತೋ ಏನೋ ಎಂದು ರಾತ್ರಿಯೆಲ್ಲ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಹೆಬ್ಬೆರಳು? ಉಂಗುಷ್ಟ ಹುಡುಕಿಕೊಂಡ ಆ ಹೆಬ್ಬೆರಳನ್ನು ಏನು ಮಾಡಲಿ? ಯಾರನ್ನು ಬೈಯಲಿ? ಕಲಿಸದೆ ಅವನ ಕೈಗೆ ಗಾಡಿ ಕೊಟ್ಟರು. ಅವನು ಪ್ರಾಣ ಪಣಕ್ಕಿಟ್ಟು ಓಡಿಸಿದ. ಆಮೇಲೆ ಕಲಿಸಿದರು. ಆ ತರಗತಿಯಲ್ಲಿ ಕೂತು ಈ ಮಾತು ಕೇಳಿಸಿಕೊಳ್ಳುವಾಗ ದುರೈಗೆ ಏನಾಗಿರಬೇಕು, ಹೇಳಿ.

"ಏನಕ್ಕಾ ಕಲಿಸಿದ್ರು ನಿನ್ನೆ?" ಎಂದು ಇವತ್ತು ಬೆಳಿಗ್ಗೆ ರಘು ಕೇಳಿದ.

"ಬೋಂಡಾಕ್ಕೆ ಉಪ್ಪು ಕಮ್ಮಿ ಕಣೋ" ಎಂದೆ.

ಬೆನ್ನು ಒರೆಸಲು ಅವನನ್ನು ಮಗ್ಗುಲು ತಿರುಗಿಸಬೇಕಿತ್ತು. ದಿನವೂ ಮಾಡುವ ಕೆಲಸ. ಇವತ್ತು ನನ್ನ ಕೈ ತಾನಾಗಿಯೇ ಅವನ ತಲೆಯನ್ನು ಎರಡು ಕಡೆಯಿಂದ ಹಿಡಿದುಕೊಂಡಿತು. ಅಲುಗಬಾರದು ಎಂದು ಬಿಗಿಯಾಗಿ ಹಿಡಿದೆ.

"ಏನಕ್ಕಾ, ಇವತ್ತು ಇಷ್ಟು ಜೋಪಾನ?" ಎಂದು ನಕ್ಕ. "ಇನ್ನೇನು ಮುರಿಯೋದಿದೆ? ಅದಿರ್ಲಿ, ದುರೈಗೆ ಫೋನ್ ಮಾಡು. ಈ ಆಯುಧಪೂಜೆಗಾದ್ರೂ ಬರ್ಲಿ. ಅವನಿಲ್ದೇ ಇದ್ರೆ ನಾನು ಹೀಗಿರ್ತಿದ್ನಾ?"

ನಾನು ಫೋನ್ ತೆಗೆದುಕೊಂಡು ಅಡುಗೆಮನೆಗೆ ಹೋದೆ. ಒಲೆಯ ಮೇಲಿನ ಹಾಲು ಇಳಿಸಿ ಹೊರಗೆ ಬಂದೆ. ಆಮೇಲೆ ಬೀರು ತೆರೆದು ಈ ವರ್ಷದ ಪಂಚೆಯನ್ನು ಉಳಿದವುಗಳ ಮೇಲೆ ಇಟ್ಟೆ.

"ಮಾಡಿದ್ಯಾ?" ಎಂದು ರಘು ಒಳಗಿಂದ ಕೂಗಿದ.

"ಮಾಡ್ದೆ ಕಣೋ, ಎತ್ತಲಿಲ್ಲ" ಎಂದೆ. ನಾನು ಮಾಡಿಯೇ ಇರಲಿಲ್ಲ.