ನೆರಳಿನವರು ತಿಂದ ಎಲೆಕ್ಟ್ರಾನುಗಳು

ರಾಯದುರ್ಗದ ಉಷಾರಾಣಿ ಮಡಕಶಿರಾ ಕಡೆಯ ಹಳ್ಳಿಯೊಂದರ ಕನ್ನಡ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದಾಗಿನಿಂದ ಅವರಿಗಿದ್ದದ್ದು ಒಂದೇ ಆಸೆ: ಮಕ್ಕಳು ಬಾಯಿಬಿಟ್ಟು ಒಂದು ಪ್ರಶ್ನೆ ಕೇಳಬೇಕು. ಮಕ್ಕಳೇನು ಮೂಗರಲ್ಲ, ಮೇಡಂ ಬೆನ್ನು ತಿರುಗಿಸಿದರೆ ಸಾಕು, ಅವರ ರಾಯದುರ್ಗದ ಕಡೆಯ ‘ಬರ್ರಿ, ಕುಂದರ್ರಿ’ಯನ್ನು ಅಣಕಿಸಿ ಕಿಸಕ್ಕನೆ ನಗುತ್ತಿದ್ದರು. ಪಾಠದಲ್ಲಿ ಮಾತ್ರ ಬಾಯಿಗೆ ಬೀಗ. ತನ್ನನ್ನು ಹೊರಗಿನವಳೆಂದೇ ಇಟ್ಟುಬಿಟ್ಟರಲ್ಲ ಎಂದು ಉಷಾರಾಣಿಗೆ ನೋವಾಗುತ್ತಿತ್ತು.

ಒಂದು ದಿನ ಉಪಗ್ರಹದ ವಿಷಯ ತೆಗೆದರು. ಬಿಸಿಲು ಬಡಿದಾಗ ಅದರ ಮೈಯಿಂದ ಎಲೆಕ್ಟ್ರಾನುಗಳು ಹೊರಕ್ಕೆ ಹಾರಿ ಆ ಮಗ್ಗುಲು ಪ್ಲಸ್ ಆಗುತ್ತದೆ. ನೆರಳಿನ ಮಗ್ಗುಲಿಗೆ ಸುತ್ತಲಿನ ಎಲೆಕ್ಟ್ರಾನುಗಳು ಬಂದು ಕೂತು ಅದು ಮೈನಸ್ ಆಗುತ್ತದೆ. ಈ ಪ್ಲಸ್-ಮೈನಸ್ ಅಂತರ ಮಿತಿಮೀರಿದರೆ ಕಿಡಿ ಹಾರಿ ಯಂತ್ರ ಕೆಡುತ್ತದೆ. ಇಷ್ಟು ಹೇಳಿ, “ಯಾಕ ಸುಮ್ನ ಕುಂತೀರಿ? ಏನರ ಕೇಳ್ರಿ” ಎಂದರು. ಯಾರೂ ಕೇಳಲಿಲ್ಲ.

ಮೇಡಂ ಹಟ ಬಿಡುವವರಲ್ಲ. ಮರುದಿನ ಚೀಲದ ತುಂಬ ಹಸಿ ಕಡಲೆಕಾಯಿ ತಂದು, ಮಕ್ಕಳಲ್ಲಿ ಅರ್ಧ ಮಂದಿಯನ್ನು ಹೊಂಗೆ ಮರದ ನೆರಳಲ್ಲಿ, ಉಳಿದವರನ್ನು ಬಿಸಿಲಲ್ಲಿ ಕೂರಿಸಿದರು. ಕಾಯಿಯೇ ಎಲೆಕ್ಟ್ರಾನ್. ಚಪ್ಪಾಳೆ ತಟ್ಟಿದರೆ ಬಿಸಿಲಿನವರು ತಮ್ಮ ಪಾಲನ್ನು ಎಸೆಯಬೇಕು, ನೆರಳಿನವರು ಆಯ್ದು ಗುಡ್ಡೆ ಹಾಕಬೇಕು.

ಆಟ ಜೋರಾಗಿಯೇ ನಡೆಯಿತು. ಕೊನೆಗೆ ನೋಡಿದರೆ ನೆರಳಲ್ಲಿ ಗುಡ್ಡೆಯೇ ಇಲ್ಲ, ಬರೀ ಸಿಪ್ಪೆ. ಹೊಲದಲ್ಲಿ ಕಾಯಿ ಬಿಡಿಸಲು ಕೂತವರು ಬಿಡಿಸುತ್ತಲೇ ತಿನ್ನುವುದು ಆ ಸೀಮೆಯ ವಾಡಿಕೆ, ಹೊಲದವರೂ ಬೇಡವೆನ್ನುವುದಿಲ್ಲ. ಮಕ್ಕಳ ಕೈ ತಾನಾಗಿಯೇ ಬಾಯಿಗೆ ಹೋಗಿತ್ತು. ಬೈಯಲು ಹೊರಟ ಉಷಾರಾಣಿಗೆ ನಗು ಬಂದುಬಿಟ್ಟಿತು. ಬೆಳುಗುಪ್ಪದ ಅಜ್ಜಿಯ ಹೊಲದಲ್ಲಿ ತಾವೂ ಹೀಗೇ ತಿಂದವರು, ಇದು ಮೊದಲೇ ಹೊಳೆಯಬೇಕಿತ್ತು.

ಆಗ ನೆರಳಿನ ಗುಂಪಿನಿಂದ ರಮ್ಯಶ್ರೀ ಎಂಬ ಹುಡುಗಿ ಬಾಯಿ ಒರೆಸಿಕೊಳ್ಳುತ್ತ ಎದ್ದು ನಿಂತಳು. ಮುಖದಲ್ಲಿ ಹೆದರಿಕೆಗಿಂತ ಯೋಚನೆಯೇ ಹೆಚ್ಚಿತ್ತು.

“ನಾವೇನೋ ತಿಂದ್ಬಿಟ್ವಿ. ಮೇಲ್ಗಡೆ ಕಿಡಿ ಹಾರೋಕ್ ಮುಂಚೆ, ನೆಳ್ಳಾಗಿರೋದು ಬಿಸ್ಲಾಗಿರೋದಕ್ಕೆ ವಾಪಸ್ ಕೊಡೋದು ಹೆಂಗ್ರಿ ಮಿಸ್?”

ಅವಳ ಬಾಯಲ್ಲಿ ಮೇಡಂನ ಆ ‘ರಿ’ ಕೇಳಿ ಯಾರೂ ನಗಲಿಲ್ಲ. ಉಷಾರಾಣಿಯ ಕಣ್ಣು ತುಂಬಿತು. ಅವರು ಒಂದು ಕೈಯಲ್ಲಿ ರಮ್ಯಶ್ರೀಯ ಕೈ ಹಿಡಿದು, ಇನ್ನೊಂದನ್ನು ಬಿಸಿಲಲ್ಲಿದ್ದ ಒಬ್ಬ ಹುಡುಗಿಯತ್ತ ಚಾಚಿದರು.

“ಹಿಂಗ, ಕೈ ಹಿಡ್ಕೊಂಡು.”

ಉಪಗ್ರಹದ ಮೈಗೆ ವಿದ್ಯುತ್ ಹರಿಯುವಂಥ ಲೇಪ ಬಳಿದು ಎರಡೂ ಮಗ್ಗುಲನ್ನು ಜೋಡಿಸಿಬಿಟ್ಟರೆ ಎಲೆಕ್ಟ್ರಾನುಗಳು ತಾವೇ ಹರಿದು ಸಮವಾಗುತ್ತವೆ ಎಂದು ವಿವರಿಸತೊಡಗಿದರು. ಅವರು ಮುಗಿಸುವ ಮೊದಲೇ ಬಿಸಿಲಿನ ಕಡೆಯಿಂದ ಇನ್ನೊಂದು ಪ್ರಶ್ನೆ ಬಂತು.