ಪತ್ರೊಡೆಯ ದಿನ ಬಿಚ್ಚದ ಸ್ಕ್ರೂ

ಆ ಸ್ಕ್ರೂವಿನ ತಲೆ ಕೆಡಿಸಿದ್ದು ಅಪ್ಪನೋ ನಾನೋ, ಖಚಿತವಾಗಿ ಹೇಳಲಾರದೆ ಎಷ್ಟೋ ವರ್ಷ ಕಳೆದೆ. ಅಪ್ಪ ದೋಸೆ ಸಟ್ಟುಗದ ಅಂಚನ್ನು ಅದಕ್ಕೆ ತುರುಕಿ ತಿರುಗಿಸಿದ ಚಿತ್ರ ಕಣ್ಣಲ್ಲಿದೆ. ಅದು ನಾನು ಆಮೇಲೆ ಕಟ್ಟಿಕೊಂಡದ್ದೂ ಇರಬಹುದು. ಅವರನ್ನು ದೂರಲು ನನಗೆ ಅನುಕೂಲವಾಗಿತ್ತು.

ಆಗ ನಾವು ಡೊಂಬಿವಲಿಯಲ್ಲಿದ್ದೆವು. ಸೊಸೈಟಿಯ ಗಣಪತಿಗೆ ಪತ್ರೊಡೆ ಮಾಡಿಕೊಡುತ್ತೇನೆಂದು ಅಮ್ಮ ಒಪ್ಪಿಕೊಂಡಿದ್ದಳು. ಅಲ್ಲಿನವರು ಕೆಸುವಿನೆಲೆಗೆ ಕಡಲೆಹಿಟ್ಟು ಸವರಿ ಅಳೂವಡಿ ಮಾಡುತ್ತಾರೆ. ನಮ್ಮದಕ್ಕೆ ಅಕ್ಕಿ ಅರೆಯಲೇಬೇಕು. ಒಮ್ಮೆಯಾದರೂ ಅವರಿಗೆ ನಮ್ಮದನ್ನು ತಿನ್ನಿಸಬೇಕೆಂಬುದು ಅವಳ ಹಟ. ಕಲ್ಯಾಣದ ಮಾರ್ಕೆಟ್ಟಿನಿಂದ ತಂದ ಎಲೆ ಬಾಡುತ್ತಿತ್ತು, ಅಕ್ಕಿ ನೆನೆದಿತ್ತು. ಚಿಕ್ಕಪ್ಪ ದುಬೈಯಿಂದ ತಂದುಕೊಟ್ಟಿದ್ದ ಮಿಕ್ಸರ್ ಆಗಲೇ ನಿಂತುಹೋಯಿತು. ಹಬ್ಬಕ್ಕೆ ರಿಪೇರಿ ಅಂಗಡಿ ಬಂದ್. ಮೋಟಾರಿನ ಕಾರ್ಬನ್ ಬ್ರಷ್ ಸವೆದಿದೆಯೆಂದು ನನಗೆ ಅನುಮಾನವಿತ್ತು, ಹೊಸದೂ ಮನೆಯಲ್ಲಿತ್ತು. ಅಡಿಯ ನಾಲ್ಕು ಸ್ಕ್ರೂ ಬಿಚ್ಚಬೇಕಿತ್ತು, ಅಷ್ಟೇ.

“ಮೈನಸ್ ಹಾಕು ಮಾರಾಯ, ಅದು ಎಲ್ಲದಕ್ಕೂ ಆಗ್ತದೆ,” ಎಂದರು ಅಪ್ಪ, ಚಪ್ಪಟೆ ಮೊನೆಯ ಸ್ಕ್ರೂಡ್ರೈವರ್ ತೋರಿಸಿ.

“ಪ್ಲಸ್ಸಿಗೆ ಪ್ಲಸ್ಸೇ ಬೇಕು ಅಪ್ಪ.”

“ಎಮ್ಮೆಸ್ಸಿ ಮಾಡಿದ್ದು ಇದಕ್ಕಾ? ಹಾಗಾದ್ರೆ ತೆಗಿ, ನೋಡುವ!”

ನನ್ನ ಪ್ಲಸ್ ಡ್ರೈವರ್ ಪ್ರತಿ ಸಲವೂ ಮೇಲಕ್ಕೆ ಜಿಗಿಯಿತು. ಸಣ್ಣದು ಹಾಕಿದೆ, ದೊಡ್ಡದು ಹಾಕಿದೆ, ಮೈಭಾರವೆಲ್ಲ ಬಿಟ್ಟು ಒತ್ತಿದೆ. ಮೊದಲನೆಯ ಸ್ಕ್ರೂವೇ ಅಲುಗಲಿಲ್ಲ. ಅಂಗೈಯಲ್ಲಿ ಬೊಬ್ಬೆ ಬಂತು. ಸಿಟ್ಟಿಗೆ ಡ್ರೈವರನ್ನು ಗೋಡೆಗೆ ಎಸೆದೆ. ಸಟ್ಟುಗ ಬಂದದ್ದು ಆಗಲೋ, ಅದಕ್ಕೂ ಮೊದಲೋ, ಬಂದೇ ಇಲ್ಲವೋ.

ಕೆಳಮನೆಯಾಕೆ ಕಡಲೆಹಿಟ್ಟಿನ ಡಬ್ಬಿ ಹಿಡಿದು, ಕೊಡಲೇ ಎಂದು ಬಾಗಿಲಲ್ಲಿ ನಕ್ಕಳು: “ವಹಿನೀ, ಬೇಸನ್ ದೇಊ ಕಾ?”

ಅಮ್ಮ ಡಬ್ಬಿ ಇಸಿದುಕೊಂಡಳು. “ಸಾಕು, ಇಬ್ರೂ ಇನ್ನದನ್ನು ಮುಟ್ಬೇಡಿ.”

ಸಂಜೆ ಪೆಂಡಾಲಿನಲ್ಲಿ ಎಲ್ಲರೂ ಅಮ್ಮನ ಅಳೂವಡಿಯನ್ನು ಹೊಗಳಿದರು. ಅಮ್ಮ ಮುಂದೆಂದೂ ಪತ್ರೊಡೆಗೆ ಒಪ್ಪಿಕೊಳ್ಳಲಿಲ್ಲ. ತಪ್ಪು ಅಪ್ಪನದೆಂದು ನಾನು ಹೇಳುತ್ತಲೇ ಬಂದೆ.

ವರ್ಷಗಳ ಮೇಲೆ ಕೋಪರಖೈರಣೆಗೆ ಮನೆ ಬದಲಿಸುವಾಗ ಮಿಕ್ಸರನ್ನು ತಿರುಗಿಸಿ ಬೆಳಕಿಗೆ ಹಿಡಿದೆ. ಮುಟ್ಟದೆ ಉಳಿದ ಮೂರು ಸ್ಕ್ರೂಗಳಲ್ಲಿ ಪ್ಲಸ್ಸಿನ ಕೈಗಳ ನಡುವೆ ಕೂದಲೆಳೆಯಂಥ ನಾಲ್ಕು ಗೆರೆಗಳಿದ್ದವು. ಅದು ಬೇರೆಯೇ ಜಾತಿ. ನಮ್ಮ ಪ್ಲಸ್ ಡ್ರೈವರಿನ ಮೊನೆ ಅದರ ತಳಕ್ಕೆ ಕೂರುವುದಿಲ್ಲ, ಜಾರಿ ತಲೆಯನ್ನು ಕೊರೆಯುತ್ತದೆ. ಅಂದು ನಾನು ಒತ್ತಿದ್ದ ಸ್ಕ್ರೂ ಬಟ್ಟಲಿನಂತೆ ದುಂಡಗೆ ಸವೆದಿತ್ತು. ಭೂತಗನ್ನಡಿ ಹಿಡಿದು ಹುಡುಕಿದೆ: ಸಟ್ಟುಗದಂಥ ಚಪ್ಪಟೆ ಅಂಚು ತಾಗಿದ ಒಂದು ಗೀರೂ ಅದರಲ್ಲಿರಲಿಲ್ಲ.