ಸಕ್ಕರೆ ಕೋಟಿನ ಮೇಷ್ಟ್ರು

ಮಗಳ ಚಿತ್ರಕಲೆ ತರಗತಿಗೆಂದು ಮೊನ್ನೆ ಮೈಸೂರಿನ ರಾಜೀವನಗರದ ಅಂಗಡಿಯಲ್ಲಿ ಕಪ್ಪು ಡ್ರಾಯಿಂಗ್ ಇಂಕಿನ ಶೀಶೆ ಕೊಂಡೆ. ಮನೆಗೆ ಬಂದು ಮುಚ್ಚಳ ತಿರುಗಿಸಿದ್ದೇ ತಡ, ಕರ್ಪೂರಕ್ಕೆ ಅರಗು ಬೆರೆಸಿದಂಥ ಆ ವಾಸನೆ... ನಮ್ಮ ಕಾಲೇಜಿನ ಪ್ರಯೋಗಾಲಯ ಹಾಗೇ ಕಣ್ಣಿಗೆ ಕಟ್ಟಿತು. ಎತ್ತರದ ಸ್ಟೂಲು, ಮೈಕ್ರೋಸ್ಕೋಪು, ಅದರ ಪಕ್ಕದಲ್ಲಿ ತೋಳು ಮಡಚಿದ ಬಿಳಿ ಅಂಗಿಯ ನಮ್ಮ ಮೇಷ್ಟ್ರು. ಕಾಲೇಜಿನಲ್ಲಿ ಎಲ್ಲರೂ ಅವರನ್ನು ಸಾರ್ ಎನ್ನುತ್ತಿದ್ದೆವು. ನಮ್ಮಪ್ಪ ಮೇಷ್ಟ್ರೇ ಎಂದು ಕರೆದದ್ದರಿಂದ ನಮ್ಮ ಮನೆಯ ಮಟ್ಟಿಗೆ ಅವರು ಮೇಷ್ಟ್ರಾಗಿಯೇ ಉಳಿದರು.

ತೊಂಬತ್ತರ ದಶಕದ ಕೊನೆ. ನಾನು ಬಿ.ಎಸ್ಸಿ.ಯಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದೆ. ಆ ವಿಷಯದ ಮೇಲೆ ಪ್ರೀತಿ ಇತ್ತೆಂದಲ್ಲ. ಗೆಳತಿ ಅರ್ಜಿ ತುಂಬಿದಳು, ನಾನೂ ತುಂಬಿದೆ, ಅಷ್ಟೆ. ಮೊದಲ ವರ್ಷದ ರಜೆಯಲ್ಲಿ ಇಲವಾಲದ ಹತ್ತಿರ ಅಣ್ಣನ ಸ್ಕೂಟರಿನಿಂದ ಬಿದ್ದೆ. ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ಒಳಗೇ ರಕ್ತ ಸುರಿಯುತ್ತಿತ್ತಂತೆ. ಆಪರೇಷನ್ ಮಾಡಿ ಅದನ್ನು ತೆಗೆದೇಬಿಟ್ಟರು. ಅದಿಲ್ಲದೆಯೂ ಬದುಕಬಹುದು ಎಂದು ಡಾಕ್ಟರು ಧೈರ್ಯ ಹೇಳಿ ಕಳಿಸಿದರು. ಹಲ್ಲು ಕೀಳಿಸಿಕೊಂಡಷ್ಟೇ ಸಲೀಸು ಎಂದುಕೊಂಡು ನಾನೂ ಹಾಯಾಗಿದ್ದೆ.

ಎರಡನೆಯ ವರ್ಷ ಶುರುವಾದಾಗ, ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ, ಪ್ರಯೋಗವನ್ನು ಕೂತು ಮಾಡುತ್ತೇನೆ ಎಂದು ಮೇಷ್ಟ್ರನ್ನು ಕೇಳಿದೆ. ಕಾರಣ ಹೇಳಿದಾಗ ಅವರ ಮುಖ ಗಂಭೀರವಾಯಿತು. "ಇಂಜೆಕ್ಷನ್ ಕೊಟ್ರೇನಮ್ಮ?" ಎಂದರು. "ಯಾವ್ದು ಸಾರ್?" ಎಂದೆ. ನಿಮ್ಮಪ್ಪನ ಅಂಗಡಿ ಎಲ್ಲಿದೆ ಎಂದು ಕೇಳಿಕೊಂಡರು. ಸಂಜೆ ನೋಡಿದರೆ ಅಪ್ಪನ ಬೆಲ್ಲದ ಮಂಡಿಯ ಮುಂದೆ ಅವರ ಸೈಕಲ್ಲು ನಿಂತಿತ್ತು.

ಅಪ್ಪ ಹಟವಾದಿ. ಕಣ್ಣಾರೆ ಕಾಣದ್ದನ್ನು ನಂಬುವ ಜಾಯಮಾನವೇ ಅವರದಲ್ಲ. "ಹುಡುಗಿ ಚೆನ್ನಾಗೇ ಇದಾಳಲ್ಲ, ಬುಡಿ ಮೇಷ್ಟ್ರೇ. ಗಾಯ ಈಗ ಮಾಯ್ತಾ ಅದೆ, ಮತ್ತೆ ಯಾಕೆ ಚುಚ್ಚಿಸೋದು?" ಎಂದರು. ಮೇಷ್ಟ್ರು ವಾದಕ್ಕಿಳಿಯಲಿಲ್ಲ. ನಾಳೆ ಒಂದು ಗಳಿಗೆ ಕಾಲೇಜಿಗೆ ಬನ್ನಿ, ಒಂದು ವಸ್ತು ತೋರಿಸುತ್ತೇನೆ ಎಂದಷ್ಟೇ ಹೇಳಿ ಹೋದರು.

ಮರುದಿನ ಅಪ್ಪ ಗರಿಗರಿ ಪಂಚೆಯುಟ್ಟು ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಸ್ಲೈಡ್ ತಯಾರಿಸುವ ಕೆಲಸ ನನ್ನದು. ಹೊಲದ ಮಣ್ಣಿನಲ್ಲಿರುವ, ಯಾರಿಗೂ ಕೇಡು ಮಾಡದ ಒಂದು ಬ್ಯಾಕ್ಟೀರಿಯವನ್ನು ಮೇಷ್ಟ್ರು ಕೊಟ್ಟಿದ್ದರು. ಅದರ ಮೈಸುತ್ತ ಸಕ್ಕರೆಯಿಂದಾದ ಒಂದು ಕೋಟು ಇರುತ್ತದೆ. ಕಪ್ಪು ಇಂಕಿನಲ್ಲಿ ಬೆರೆಸಿ ಹರಡಿದರೆ ಸುತ್ತಲೂ ಕಪ್ಪು, ಕೋಟು ಮಾತ್ರ ಬೆಳ್ಳಗೆ. ಅಪ್ಪ ಒಂದು ಕಣ್ಣು ಮುಚ್ಚಿ ಬಗ್ಗಿದರು. ಆಮೇಲೆ ಅದನ್ನು ತೆರೆದು, ಇನ್ನೊಂದನ್ನು ಮುಚ್ಚಿಯೂ ನೋಡಿದರು. "ಏನೂ ಕಾಣ್ತಿಲ್ವಲ್ಲ ಮೇಷ್ಟ್ರೇ..." ಎಂದು ಎದ್ದು ನಿಂತರು. ಪಂಚೆ ಕೊಡವಿ ಇನ್ನೇನು ಹೊರಟೇಬಿಡುವ ಹಾಗಿದ್ದರು.

ತಪ್ಪು ನನ್ನದೇ. ಬೇರೆ ಸ್ಲೈಡುಗಳನ್ನು ಬರ್ನರಿನ ಜ್ವಾಲೆಗೆ ಹಿಡಿದು ಒಣಗಿಸಿ ಒಣಗಿಸಿ ಕೈಗೆ ಅದೇ ಅಭ್ಯಾಸವಾಗಿತ್ತು, ಇದನ್ನೂ ಹಿಡಿದುಬಿಟ್ಟಿದ್ದೆ. ಬಿಸಿ ತಾಗಿದರೆ ಆ ಕೋಟು ಮುದುಡಿ ಹೋಗುತ್ತದೆ. ಅದನ್ನು ಮೇಷ್ಟ್ರು ತರಗತಿಯಲ್ಲಿ ಹತ್ತು ಸಲವಾದರೂ ಹೇಳಿದ್ದರು. ಸ್ಲೈಡನ್ನು ಬೆಳಕಿಗೆ ಹಿಡಿದು ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು. ನನ್ನ ಕಡೆ ಒಮ್ಮೆ ನೋಡಿದರು. ಅಪ್ಪನೆದುರು ನನ್ನ ಮರ್ಯಾದೆ ತೆಗೆಯಲಿಲ್ಲ. "ಇದು ನನ್ನಿಂದ ಕೆಟ್ಟೋಯ್ತು ಯಜಮಾನ್ರೇ, ಇನ್ನೊಂದು ಮಾಡ್ತೀನಿ, ಕೂತ್ಕೊಳ್ಳಿ" ಎಂದು ತಾವೇ ಹೊಸ ಸ್ಲೈಡ್ ಮಾಡಿ, ಗಾಳಿಗೆ ಆರಲು ಬಿಟ್ಟರು. ಆ ಐದು ನಿಮಿಷ ನಾನು ಬರ್ನರ್ ಆರಿಸಿ, ತೊಳೆದ ಸ್ಲೈಡುಗಳನ್ನೇ ಮತ್ತೆ ತೊಳೆದೆ.

ಈ ಸಲ ಅಪ್ಪ ಬಗ್ಗಿದವರು ಏಳಲೇ ಇಲ್ಲ. ಬೆಳ್ಳಗೆ ಉಂಗುರ ಉಂಗುರ ಕಾಣುತ್ತದೆ ಎಂದು ಮಗುವಿನ ಹಾಗೆ ಕೂಗಿದರು. ಆಮೇಲೆ ಮೇಷ್ಟ್ರು ಆಡಿದ ಮಾತುಗಳನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ನೀವು ಒಂದು ಅಚ್ಚು ಬೆಲ್ಲ ನೋಡಿದರೆ ಯಾವ ಆಲೆಮನೆಯದು ಎಂದು ಹೇಳುತ್ತೀರಲ್ಲವೇ ಎಂದು ಅಪ್ಪನನ್ನು ಕೇಳಿದರು. ಅಪ್ಪ ಮೀಸೆ ನೀವಿಕೊಂಡರು. ಶರೀರದ ಕೆಲಸವೂ ಅದೇ ಎಂದರು ಮೇಷ್ಟ್ರು. ನ್ಯುಮೋನಿಯ ತರುವ ಬ್ಯಾಕ್ಟೀರಿಯಗಳಿಗೂ ಇಂಥದೇ ಕೋಟು, ಆದರೆ ಒಂದೊಂದು ಬಗೆಯದಕ್ಕೆ ಒಂದೊಂದು ಸಕ್ಕರೆ. ಕೋಟು ಜಾರುತ್ತದೆ, ರಕ್ತದ ಬಿಳಿ ಕಣಗಳ ಹಿಡಿತಕ್ಕೆ ಸಿಗುವುದಿಲ್ಲ. ಆ ಸಕ್ಕರೆಯ ಗುರುತು ಹಿಡಿದು ಅಂಟಿಕೊಳ್ಳುವ ಪ್ರತಿಕಾಯಗಳು ಮೊದಲೇ ತಯಾರಿದ್ದರೆ ಮಾತ್ರ ಹಿಡಿತ ಸಿಗುತ್ತದೆ. ಒಂದು ಸಕ್ಕರೆಯನ್ನು ಗುರುತಿಸುವ ಪ್ರತಿಕಾಯ ಇನ್ನೊಂದನ್ನು ತಿರುಗಿಯೂ ನೋಡುವುದಿಲ್ಲ. ಈ ಗುರುತು ಹಿಡಿಯುವ ಕೆಲಸದಲ್ಲಿ ಎತ್ತಿದ ಕೈ ಎಂದರೆ ಗುಲ್ಮ, ನಿಮ್ಮ ಮಗಳಿಗೆ ಅದೇ ಇಲ್ಲ... "ಅದಕ್ಕೇ ಮೊದ್ಲೇ ಮಾದರಿ ತೋರಿಸ್ಬೇಕು ಕಣ್ರೀ. ಇಂಜೆಕ್ಷನ್‌ನಲ್ಲಿ ಇರೋದು ಬರೀ ಆ ಸಕ್ಕರೆಗಳ ಮಾದರಿ. ರೋಗ ಇಲ್ಲ."

ಮಾದರಿ ನೋಡದೆ ಅಪ್ಪ ಒಂದು ಪಿಂಡಿ ಬೆಲ್ಲವನ್ನೂ ಕೊಂಡವರಲ್ಲ. ಕೊಡಿಸಿ ಎಂದರು.

ಆಗ ಆ ಲಸಿಕೆ ನಮಗೆ ಮೈಸೂರಿನಲ್ಲಿ ಸಿಗಲಿಲ್ಲ. ಮೇಷ್ಟ್ರು ಭಾನುವಾರ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಐಸು ನೇರ ತಗುಲದ ಹಾಗೆ ಬಟ್ಟೆ ಸುತ್ತಿ, ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ತಂದರು. ಚುಚ್ಚಿಸಿಕೊಂಡ ಮೇಲೆ ಇನ್ನು ನಿಶ್ಚಿಂತೆ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಮಾದರಿಯಲ್ಲಿಲ್ಲದ ಸಕ್ಕರೆಗಳೂ ಇವೆ, ಜ್ವರ ಬಂದರೆ ಮಾತ್ರೆ ನುಂಗಿ ಮಲಗಬೇಡ, ಆ ಕ್ಷಣ ಆಸ್ಪತ್ರೆಗೆ ಹೋಗು ಎಂದು ನನಗೂ ಅಪ್ಪನಿಗೂ ಬಾಯಿಪಾಠ ಮಾಡಿಸಿದರು.

ಐದಾರು ವರ್ಷ ಕಳೆದಿತ್ತು. ನಾನು ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಒಂದು ಬೆಳಿಗ್ಗೆ ಚಳಿ ಹತ್ತಿ ಹಲ್ಲು ಕಟಕಟಿಸಿದವು. ಪರೀಕ್ಷೆಯ ದಿನ, ಮಧ್ಯಾಹ್ನ ನೋಡೋಣ ಎಂದೆ. "ಮೇಷ್ಟ್ರು ಏನಂದಿದ್ರು? ಏಳು ಮೇಲೆ!" ಎಂದು ಅಪ್ಪ ಗದರಿ ಆಟೋ ತಂದರು. ಚುಚ್ಚಿಸಿಕೊಳ್ಳಲು ಬಿಡದಿದ್ದ ಅದೇ ಅಪ್ಪ. ರಕ್ತದಲ್ಲೇ ನ್ಯುಮೋನಿಯದ ಬ್ಯಾಕ್ಟೀರಿಯ ಸಿಕ್ಕಿತು. ಸಂಜೆಯವರೆಗೆ ಕಾದಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಗುಣವಾದ ಮೇಲೆ ಕುಂಬಾರಕೊಪ್ಪಲಿನಲ್ಲಿದ್ದ ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿದೆ. ಹೊಗಳಿಕೆ ಅವರ ಕಿವಿಗೇ ಬೀಳಲಿಲ್ಲ. "ಯಾವ ಟೈಪಂತೆ, ಯಾವ ಸಕ್ಕರೆದು?" ಎಂದರು. ಅದನ್ನು ಯಾರೂ ನೋಡಲಿಲ್ಲ ಎಂದಾಗ ಅವರಿಗಾದ ಬೇಸರ ನೋಡಬೇಕಿತ್ತು! ನಾನು ಬದುಕಿದ್ದು ಒಂದು ಕಡೆ, ಟೈಪು ಗೊತ್ತಾಗದೆ ಹೋದದ್ದು ಇನ್ನೊಂದು ಕಡೆ. ಅಂಥ ಮನುಷ್ಯ. ಅವರನ್ನು ಗೌರವಿಸಿದಷ್ಟು ನಾನು ಇನ್ನೊಬ್ಬರನ್ನು ಗೌರವಿಸಿಲ್ಲ.

ಹೋದ ತಿಂಗಳು ಮತ್ತೆ ಜ್ವರ ಬಂತು. ಹೆಚ್ಚೇನಲ್ಲ, ನೂರರ ಆಸುಪಾಸು. ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿ ಕೂತೆ. ಗುಲ್ಮವಿಲ್ಲ, ರಕ್ತ ಪರೀಕ್ಷೆ ಮಾಡಿ, ತಡಮಾಡದೆ ಔಷಧಿ ಶುರು ಮಾಡಿ ಎಂದು ನಾನೇ ಪಾಠ ಒಪ್ಪಿಸಿದೆ. ಎಳೆಯ ವಯಸ್ಸಿನ ಡಾಕ್ಟರು ಎಲ್ಲ ಬರೆದುಕೊಂಡು ತಲೆ ಎತ್ತಿ, "ಇಷ್ಟು ಕರೆಕ್ಟಾಗಿ ಯಾರು ಹೇಳ್ಕೊಟ್ರು ಮೇಡಂ?" ಎಂದರು.

"ನಮ್ಮ ಮೇಷ್ಟ್ರು."

"ಅವರ ನಂಬರ್ ಕೊಡಿ, ನಾನೂ ಒಂದ್ಸಲ ಮಾತಾಡ್ಬೇಕು."

ಮೇಷ್ಟ್ರು ತೀರಿಕೊಂಡು ನಾಲ್ಕು ವರ್ಷವಾಯಿತು. ಅದನ್ನು ಹೇಳಲೆಂದು ಬಾಯಿ ತೆರೆದೆ. ಅತ್ತುಬಿಟ್ಟೆ. ಹೆದರಬೇಡಿ ಮೇಡಂ, ಬರೀ ಜ್ವರ ಎಂದು ಆ ಹುಡುಗ ಸಮಾಧಾನ ಮಾಡುತ್ತಲೇ ಇದ್ದ.